ಒಮ್ಮೆ ಹೋಗಿ ಬಂದವರಿಗೆ ಎರಡನೇ ಸಲ ಸುಲಭವೇ?

ಪ್ರಶ್ನೆ: ನಮ್ಮ ಅಣ್ಣ ಕೆಲವು ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಡ್ಯೂಟಿ ಮಾಡಿ ಬಂದಿದ್ದಾರೆ. ಈಗ ಮತ್ತೆ ಅಲ್ಲಿಗೇ, ರಾಷ್ಟ್ರೀಯ ರೈಫಲ್ಸ್‌ಗೆ ಪೋಸ್ಟಿಂಗ್ ಬಂದಿದೆ. ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ನೋಡಿ ಬಂದ ಜಾಗ, ಈ ಸಲ ಅವರಿಗೆ ಸುಲಭವಾಗುತ್ತದೆ ಎಂದು ನಾವೆಲ್ಲ ಸಮಾಧಾನ ಹೇಳುತ್ತಿದ್ದೇವೆ. ಇದು ನಿಜ ಅಲ್ಲವೇ? (ರಾಣೆಬೆನ್ನೂರು ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಸೇನೆಯಿಂದ ನಿವೃತ್ತನಾಗಿ ಧಾರವಾಡಕ್ಕೆ ಮರಳಿದ ಮೇಲೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಸಿಬಿಟಿಯಲ್ಲಿ ಬಸ್ಸಿಗೆ ಕಾಯುವಾಗ, ಕ್ಯಾಂಟೀನಿನ ಸರದಿಯಲ್ಲಿ ನಿಂತಾಗ ಇದನ್ನೇ ಕೇಳುತ್ತಾರೆ, ಉತ್ತರವನ್ನೂ ತಾವೇ ಹೇಳಿ ಮುಗಿಸುತ್ತಾರೆ. ಆದ್ದರಿಂದ ಈ ಸಲ ಬರೆದೇ ಹೇಳುತ್ತೇನೆ. ನಿಜವಲ್ಲ. ಎರಡನೇ ಸಲ ಸುಲಭವಾಗುವುದಿಲ್ಲ. ಹಲವು ರೀತಿಯಲ್ಲಿ ಅದು ಮೊದಲನೆಯದಕ್ಕಿಂತ ಕಷ್ಟ.

ಅನುಭವವೆಂದರೆ ಬ್ಯಾಂಕಿನಲ್ಲಿಟ್ಟ ದುಡ್ಡು, ಬೇಕಾದಾಗ ತೆಗೆದುಕೊಳ್ಳಬಹುದು ಎಂದು ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಅನುಭವ ಹಾಗೆ ಉಳಿಯುವುದಿಲ್ಲ, ಅದು ಬೇಗ ಹಳಸುತ್ತದೆ. ಗಡಿಯ ಯುದ್ಧದಲ್ಲಿ ಶತ್ರುವಿನ ಸಮವಸ್ತ್ರ, ಶತ್ರುವಿನ ದಿಕ್ಕು ಎರಡೂ ಗೊತ್ತಿರುತ್ತವೆ. ಇಲ್ಲಿ ಎದುರಾಳಿ ಮೊದಲು ಕಲಿಯುವುದೇ ಸೈನಿಕನ ರೂಢಿಯನ್ನು. ನಿಮ್ಮ ಅಣ್ಣ ಹಿಂದಿನ ಸಲ ಕಲಿತು ಬಂದ ಉಪಾಯ ಯಾವುದೋ, ಅದನ್ನು ದಾಟುವ ದಾರಿಯನ್ನು ಇಷ್ಟರಲ್ಲಿ ಅವರು ಹುಡುಕಿಕೊಂಡಿರುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಹೆದ್ದಾರಿಯಲ್ಲಿ ಕಾನ್ವಾಯ್ (ಪಡೆಗಳ ವಾಹನಗಳ ಸಾಲು) ಹೊರಡುವ ಮೊದಲು ನಸುಕಿನಲ್ಲೇ ಆರ್‌ಓಪಿ, ಅಂದರೆ ರೋಡ್ ಓಪನಿಂಗ್ ಪಾರ್ಟಿ, ನಡೆದು ಹೋಗಿ ರಸ್ತೆಯನ್ನು ಪರೀಕ್ಷಿಸುತ್ತದೆ. ಮೋರಿಗಳ ಕೆಳಗೆ ಬಗ್ಗಿ ನೋಡುವುದು, ಹೊಸದಾಗಿ ಅಗೆದ ಮಣ್ಣನ್ನು ಗುರುತಿಸುವುದು, ವಾರಸುದಾರರಿಲ್ಲದ ಕ್ಯಾನು, ಕುಕ್ಕರು, ಚೀಲಗಳ ಮೇಲೆ ಕಣ್ಣಿಡುವುದು ಅವರ ಕೆಲಸ. ಹುಗಿದಿಟ್ಟ ಸ್ಫೋಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಪದ್ಧತಿ ಇದು. 2019ರ ಫೆಬ್ರುವರಿ 14ರಂದು ಪುಲ್ವಾಮಾ ಜಿಲ್ಲೆಯ ಲೇಥಪೋರಾದಲ್ಲಿ ಸ್ಫೋಟಕ ಮಣ್ಣಿನಡಿ ಇರಲಿಲ್ಲ. ಕಾರಿನಲ್ಲಿ ತುಂಬಿಕೊಂಡು ಬಂದು ಸಿಆರ್‌ಪಿಎಫ್ ಬಸ್ಸಿಗೆ ಗುದ್ದಿಸಿದರು. 40 ಜವಾನರು ಹೋದರು. ಅದಾದ ಮೇಲೆ ಕೆಲವು ಕಾಲ ಕಾನ್ವಾಯ್‌ಗಾಗಿ ವಾರದಲ್ಲಿ 2 ದಿನ ಆ ಹೆದ್ದಾರಿಯಲ್ಲಿ ಸಾರ್ವಜನಿಕರ ವಾಹನಗಳನ್ನೇ ನಿಲ್ಲಿಸಬೇಕಾಯಿತು. ಜಾಗಗಳೂ ಹೀಗೆಯೇ ಬದಲಾಗುತ್ತವೆ. ಪೀರ್ ಪಂಜಾಲ್ ಬೆಟ್ಟಸಾಲಿನ ದಕ್ಷಿಣಕ್ಕಿರುವ ಪೂಂಛ್ ಮತ್ತು ರಾಜೌರಿ ಹಲವು ವರ್ಷ ಬಹುಮಟ್ಟಿಗೆ ಶಾಂತವಾಗಿದ್ದವು. 2021ರಿಂದ ಅಲ್ಲಿನ ಕಾಡುಗಳಲ್ಲಿ ಮತ್ತೆ ಹೊಂಚು ದಾಳಿಗಳು ಆರಂಭವಾದವು. ಶಾಂತವಾಗಿದ್ದ ಕಾಲದಲ್ಲಿ ಅಲ್ಲಿದ್ದು ಬಂದವರಿಗೆ ಆ ನೆನಪು ಯಾವ ಸಹಾಯವನ್ನೂ ಮಾಡುವುದಿಲ್ಲ. ತಪ್ಪು ಧೈರ್ಯವನ್ನು ಮಾತ್ರ ಕೊಡುತ್ತದೆ.

ನಾನು ಎರಡನೇ ಸಲ ಹೋದಾಗ ಹವಾಲ್ದಾರನಾಗಿದ್ದೆ. ಆರ್‌ಓಪಿಯ ದಾರಿಯಲ್ಲಿ ಅಕ್ರೋಟು ಮರಗಳ ಪಕ್ಕದಲ್ಲಿ ಒಂದು ಸಣ್ಣ ಮೋರಿಯಿತ್ತು. ಹಿಂದಿನ ಸರದಿಯಲ್ಲಿ ಅದನ್ನು ನೂರಾರು ಸಲ ಬಗ್ಗಿ ನೋಡಿದ್ದೆ. ಒಂದು ಸಲವೂ ಅಲ್ಲಿ ಏನೂ ಸಿಕ್ಕಿರಲಿಲ್ಲ. ಆ ದಿನ ಕೈ ಬೀಸಿ ಮುಂದೆ ನಡೆಯಿರಿ ಎಂದೆ. ಗದಗ ಕಡೆಯ ಒಬ್ಬ ಹುಡುಗ, ಅವನಿಗೆ ಅದು ಮೊದಲನೇ ಸರದಿ, ನಿಂತ. "ಸಾಹೇಬ್ರ, ಒಂದ್ಸಲ ನೋಡಿ ಬರ್ತೀನ್ರಿ" ಎಂದವನೇ ಮಂಜು ಮುಸುಕಿದ ಹುಲ್ಲಿನಲ್ಲಿ ಮಂಡಿಯೂರಿ, ಟಾರ್ಚ್ ಹಾಕಿ, ಆ ತುದಿಯವರೆಗೆ ನೋಡಿ ಎದ್ದು ಬಂದ. ಏನೂ ಇರಲಿಲ್ಲ. ಆದರೆ ಅವನ ಪ್ಯಾಂಟಿನ ಮಂಡಿಯ ಮೇಲಿನ ಒದ್ದೆ ಮಣ್ಣನ್ನು ನೋಡಿದಾಗ, ಹತ್ತು ಮಂದಿಯ ಸೆಕ್ಷನ್ನನ್ನು ನಡೆಸುವ ನನಗೆ, ನನ್ನ ಅನುಭವವೇ ನನ್ನನ್ನು ಬಗ್ಗದಂತೆ ತಡೆಯಿತು ಎಂಬುದು ತಿಳಿಯಿತು. ಆ ಹುಡುಗನ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಸೇನೆಗೆ ಈ ಅಪಾಯ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಕಣಿವೆಗೆ ಕಾಲಿಡುವ ಮುನ್ನ ಹೊಸಬ, ಹಳಬ ಎನ್ನದೆ ಎಲ್ಲರನ್ನೂ ಬ್ಯಾಟಲ್ ಸ್ಕೂಲಿಗೆ ಕಳುಹಿಸಿ ಮೊದಲಿನಿಂದ ತರಬೇತಿ ಕೊಡುತ್ತಾರೆ. ರಾಷ್ಟ್ರೀಯ ರೈಫಲ್ಸ್ ಹುಟ್ಟಿದ್ದು 1990ರಲ್ಲಿ, ಉಗ್ರರನ್ನು ಎದುರಿಸುವ ಇದೊಂದೇ ಕೆಲಸಕ್ಕಾಗಿ. ಅದರ ಬಟಾಲಿಯನ್ನುಗಳು ಅಲ್ಲಿಯೇ ಇರುತ್ತವೆ. ಜವಾನರು ತಮ್ಮ ತಮ್ಮ ರೆಜಿಮೆಂಟುಗಳಿಂದ ಎರಡು ಮೂರು ವರ್ಷದ ಮಟ್ಟಿಗೆ ಬಂದು ಹೋಗುತ್ತಾರೆ. ಹೊರಡುವವರು ಬಂದವರಿಗೆ ಹಳ್ಳಿ ಹಳ್ಳಿಯ ವಿವರ ಒಪ್ಪಿಸಿ ಹೋಗುತ್ತಾರೆ. ಎರಡನೇ ಸಲ ಬಂದವರೂ ಆ ವಿವರವನ್ನು ಹೊಸಬರಂತೆಯೇ ಕುಳಿತು ಕೇಳಬೇಕು.

ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ 6 ದಿನ ಜೀವ ಹಿಡಿದುಕೊಂಡಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಹಿಂದಿನದನ್ನು ಹೇಳುವವರು ಕಡಿಮೆ. 2002ರಲ್ಲಿ 19 ಮದ್ರಾಸ್ ಬಟಾಲಿಯನ್ ಸೇರಿದ ಅವರು 2003ರಿಂದ 2006ರವರೆಗೆ ಜಮ್ಮು ಭಾಗದ ಮಾಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದರು. 2008ರಲ್ಲಿ ತಾವಾಗಿಯೇ ಮುಂದೆ ಬಂದು 54 ರಾಷ್ಟ್ರೀಯ ರೈಫಲ್ಸ್‌ಗೆ ಹೋಗಿ 2010ರವರೆಗೆ ಇದ್ದರು. ಆಮೇಲೆ 2012ರವರೆಗೆ ಈಶಾನ್ಯದಲ್ಲಿ ಎನ್‌ಡಿಎಫ್‌ಬಿ ಮತ್ತು ಉಲ್ಫಾ ಎಂಬ ಉಗ್ರ ಸಂಘಟನೆಗಳ ವಿರುದ್ಧ ಕೆಲಸ ಮಾಡಿದರು. 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದವು. ಜಮ್ಮುವಿನ ಬೆಟ್ಟದಲ್ಲಿ ಕಲಿತದ್ದು ಈಶಾನ್ಯದಲ್ಲಿ ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ಭಾಷೆ ಬೇರೆ, ಕಾಡು ಬೇರೆ, ಎದುರಾಳಿ ಬೇರೆ. ಅಂಥ ಜೀವನವನ್ನು "ಅವರಿಗೆ ಅಭ್ಯಾಸವಾಗಿತ್ತು" ಎಂಬ ಒಂದು ಮಾತಿನಲ್ಲಿ ಮುಗಿಸುವವರನ್ನು ಕಂಡಾಗ ನನಗೆ ನೋವಾಗುತ್ತದೆ.

ಮನಸ್ಸಿನ ವಿಷಯವೂ ಇದೆ. ಮೊದಲ ಸಲ ಹೋಗುವ ಸಿಪಾಯಿಯ ಭಯಕ್ಕೆ ಆಕಾರವಿರುವುದಿಲ್ಲ. ಎರಡನೇ ಸಲ ಹೋಗುವವನ ಭಯಕ್ಕೆ ಊರು, ತಿರುವು, ಗೆಳೆಯನ ಹೆಸರು ಎಲ್ಲವೂ ಇರುತ್ತವೆ. ಮೊದಲ ಸಲ ಮದುವೆಯಾಗಿರುವುದಿಲ್ಲ. ಎರಡನೇ ಸಲಕ್ಕೆ ಸ್ಟೇಷನ್ನಿನಲ್ಲಿ ಕೈಬೀಸುವ ಮಗಳಿರುತ್ತಾಳೆ. ಮೊದಲ ಸಲ ತನ್ನ ಜೀವದ ಚಿಂತೆ ಮಾತ್ರ. ಬಡ್ತಿ ಪಡೆದು ಹೋದಾಗ ತನ್ನ ಮಾತಿನಂತೆ ನಡೆಯುವ ಹುಡುಗರ ಚಿಂತೆ. ಕಲಿತದ್ದು ಮೈಯಿಂದ ಬೇಗ ಬಿಟ್ಟೂ ಹೋಗುವುದಿಲ್ಲ. ರಜೆಯಲ್ಲಿ ಬಂದಾಗ ನಾನು ನಮ್ಮ ಎರೆಹೊಲದಲ್ಲಿ ಕುಂಟೆ ಹೊಡೆದ ಜಾಗವನ್ನು ಬಿಟ್ಟು ಬದುವಿನ ಮೇಲೆಯೇ ನಡೆಯುತ್ತಿದ್ದೆ. ಅಲ್ಲಿ ಸಡಿಲ ಮಣ್ಣೆಂದರೆ ಅಪಾಯ, ಇಲ್ಲಿ ಹೊಲವೆಲ್ಲ ಸಡಿಲ ಮಣ್ಣೇ. ನಿಮ್ಮ ಕಡೆ ಗೋವಿನಜೋಳ ಆಳೆತ್ತರ ಬೆಳೆಯುತ್ತದೆ, ಕಾಶ್ಮೀರದ ಇಳಿಜಾರುಗಳಲ್ಲೂ ಬೆಳೆಯುತ್ತದೆ. ನಿಮ್ಮ ಅಣ್ಣ ಹೊಲದ ಅಂಚಿನಲ್ಲಿ ಸುಮ್ಮನೆ ನಿಂತು ನೋಡಿದ್ದರೆ ಅವರು ಬೆಳೆಯನ್ನಷ್ಟೇ ನೋಡುತ್ತಿರಲಿಲ್ಲ.

ಆದ್ದರಿಂದ ಸುಲಭವಾಗುತ್ತದೆ ಎಂಬ ಮಾತನ್ನು ಅವರ ಎದುರಿನಲ್ಲಿ ದಯವಿಟ್ಟು ಆಡಬೇಡಿ. ಆಡಿದರೆ, ತನಗೆ ಕಷ್ಟವಾಗುತ್ತಿದೆ ಎಂದು ಹೇಳಿಕೊಳ್ಳುವ ದಾರಿಯನ್ನು ನೀವೇ ಮುಚ್ಚಿದಂತಾಗುತ್ತದೆ.

ನೀವು ಕೇಳಿಲ್ಲ, ಆದರೂ ಇನ್ನೊಂದು ವಿಷಯ ಹೇಳಬೇಕಾಗಿದೆ. ಅಣ್ಣ ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಮವಸ್ತ್ರದ ಫೋಟೊ ತೆಗೆದು, ರೈಲಿನ ಹೆಸರು, ಹೋಗುವ ಊರು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಈಗ ಮನೆಮನೆಯ ರೂಢಿಯಾಗಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಮಾಡಬಾರದು. ಹಿಂದೆ ನಾವು ಮನೆಗೆ ಕೊಡುತ್ತಿದ್ದ ವಿಳಾಸದಲ್ಲಿ ಪಲ್ಟನ್ನಿನ ಹೆಸರಿನ ಕೆಳಗೆ "ಕೇರ್ ಆಫ್ 56 ಎಪಿಒ" ಎಂದಷ್ಟೇ ಇರುತ್ತಿತ್ತು. ಅದು ಊರಲ್ಲ, ಸೇನೆಯ ಅಂಚೆ ಕಚೇರಿಯ ಸಂಖ್ಯೆ. ಮಗ ಯಾವ ಬೆಟ್ಟದಲ್ಲಿದ್ದಾನೆಂದು ಪತ್ರ ಹೊತ್ತ ಅಂಚೆಯವರಿಗೂ ತಿಳಿಯಬಾರದೆಂಬ ವ್ಯವಸ್ಥೆ ಅದು. ಅದೇ ಕಾಳಜಿಯಿಂದ 2020ರ ಜುಲೈಯಲ್ಲಿ ಸೇನೆ ತನ್ನವರ ಫೋನುಗಳಿಂದ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ತೆಗೆಸಿತು. ಅವರು ಅಷ್ಟು ಕಟ್ಟುನಿಟ್ಟಾಗಿದ್ದಾಗ ನಾವು ಮನೆಯಿಂದ ಅದೇ ವಿವರವನ್ನು ಹರಡುವುದು ಸರಿಯಲ್ಲ.

ಫೋನಿನಲ್ಲಿ "ಎಲ್ಲಿದ್ದೀ, ಇವತ್ತು ಏನಾಯಿತು" ಎಂದು ಕೇಳುವುದನ್ನೂ ಬಿಡಿ. ಅವರು ಹೇಳುವಂತಿಲ್ಲ, ಹೇಳದೆ ಸುಮ್ಮನಿದ್ದರೆ ಅವ್ವನಿಗೆ ಗಾಬರಿ. ಅದರ ಬದಲು ನೀವು ಹೇಳಿ: ಮಳೆ ಬಂತೇ, ಗೋವಿನಜೋಳಕ್ಕೆ ಈ ಸಲ ಏನು ದರ ಸಿಕ್ಕಿತು, ಎಮ್ಮೆ ಈದಿತೇ, ಮಗಳು ಶಾಲೆಯಲ್ಲಿ ಏನು ಹಾಡಿದಳು. ಸಿಗ್ನಲ್ ಹೋಗುವವರೆಗೆ ಇಂಥದ್ದನ್ನು ಕೇಳುತ್ತಾ ನಿಂತಿರುತ್ತಿದ್ದವರಲ್ಲಿ ನಾನೂ ಒಬ್ಬ. ಅವ್ವನಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲು ಹೇಳಿ. ಹತ್ತು ಮಂದಿಗೆ ಸಾಲುವಷ್ಟು ಇರಲಿ.