ಯುದ್ಧದ ಹೊಸ್ತಿಲಲ್ಲಿ ಉದುರಿಹೋಗುವ ‘ಅಂತೆ’

ಭಾರತ–ಪಾಕಿಸ್ತಾನದ ನಡುವೆ ದಾಳಿ ನಡೆದಿದ್ದ 2025ರ ಮೇ 8ರ ರಾತ್ರಿ ಬೀದರಿನ ನಮ್ಮ ಓಣಿಯಲ್ಲಿ ಯಾರೂ ಬೇಗ ಮಲಗಲಿಲ್ಲ. ಹನ್ನೊಂದು ದಾಟಿದರೂ ಮನೆಮನೆಯಲ್ಲಿ ಟಿವಿ ಸದ್ದು. ಪಕ್ಕದ ಮನೆಯ ಅಕ್ಕ ಗೇಟಿನ ಹತ್ತಿರ ಬಂದು ಕೇಳಿದರು: ‘ಕರಾಚಿ ಬಂದರ ಸುಟ್ಟು ಹೋಯ್ತಂತಲ್ರಿ, ಖರೇ ಏನ್ರಿ?’ ಅವರ ಮಗ ಸೇನೆಯಲ್ಲಿದ್ದಾನೆ. ಅವರಿಗೆ ಇದು ಹೊತ್ತು ಕಳೆಯುವ ಮಾತಲ್ಲ.

ಅಕ್ಕನ ಮಾತಿನಲ್ಲಿ ‘ಅಂತೆ’ ಇತ್ತು. ಟಿವಿಯಲ್ಲಿ ಇರಲಿಲ್ಲ.

‘ಹೋಯ್ತಂತೆ’ ಅಂದರೆ ನಾನು ನೋಡಿದ್ದಲ್ಲ, ಯಾರೋ ಹೇಳಿದ್ದು. ಮಾತು ಯಾರ ತಲೆಯ ಮೇಲೆ ಅನ್ನುವುದನ್ನು ಕನ್ನಡದಲ್ಲಿ ಈ ಎರಡೇ ಅಕ್ಷರ ಹೇಳಿಬಿಡುತ್ತವೆ. ಯುದ್ಧ ಹತ್ತಿರ ಬಂದಾಗ ಮೊದಲು ಕಾಣೆಯಾಗುವುದೂ ಅವೇ. ಆ ರಾತ್ರಿ ದೊಡ್ಡ ದೊಡ್ಡ ಚಾನೆಲ್‌ಗಳೇ ಕರಾಚಿ ಬಂದರು ಧ್ವಂಸ, ನಮ್ಮ ಸೇನೆ ಪಾಕಿಸ್ತಾನದೊಳಗೆ ನುಗ್ಗಿತು ಎಂದು ಕೂಗಿದವು. ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು. ಕರಾಚಿಯದ್ದು ಅಂತ ಹರಿದಾಡಿದ ಒಂದು ವಿಡಿಯೊ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದದ್ದು. 2020ರ ಬೈರೂತ್ ಸ್ಫೋಟದ ದೃಶ್ಯವೂ ಇತ್ತು, ವಿಡಿಯೊ ಗೇಮಿನ ತುಣುಕುಗಳೂ ಇದ್ದವು. ಇವನ್ನೆಲ್ಲ ಒಂದೊಂದಾಗಿ ಹುಡುಕಿ ಸುಳ್ಳು ಎಂದು ತೋರಿಸಲು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯವರೂ ಸುದ್ದಿ ಪರಿಶೀಲಿಸುವ ಪತ್ರಕರ್ತರೂ ದಿನಗಟ್ಟಲೆ ಕೂರಬೇಕಾಯಿತು.

ಈ ರೋಗ ಹಳೆಯದು. ನಮ್ಮ ಭಾಗದ ಹಿರಿಯರು 1948ರಲ್ಲೇ ಇದನ್ನು ಉಂಡಿದ್ದಾರೆ. ಬೀದರ್, ಕಲಬುರಗಿ, ಯಾದಗಿರಿ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬರುವ ಮೊದಲು ತಿಂಗಳುಗಟ್ಟಲೆ ರಜಾಕಾರರ, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರ, ಭಯ. ರೇಡಿಯೊ ಇದ್ದ ಮನೆ ಅಪರೂಪ. ಸುದ್ದಿ ಏನಿದ್ದರೂ ಸಂತೆಯಿಂದ, ದಾರಿಹೋಕರ ಬಾಯಿಂದ ಬರಬೇಕು. ವಿಮಾನದಲ್ಲಿ ಬಂದೂಕು ಬರುತ್ತವಂತೆ ಅಂದರೆ ಕಟ್ಟುಕತೆ ಅನ್ನಿಸಬಹುದಿತ್ತು, ಅಲ್ವಾ? ಆದರೆ ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್ ಕರಾಚಿಯಿಂದ ಹೈದರಾಬಾದ್ ರಾಜ್ಯಕ್ಕೆ ಶಸ್ತ್ರ ಸಾಗಿಸಿದ್ದು ಖರೇನೇ. ‘ಅಂತೆ’ ಇದ್ದ ಮಾತ್ರಕ್ಕೆ ಸುಳ್ಳು ಅಂತಲ್ಲ. ಯಾರಾದರೂ ಹೋಗಿ ನೋಡಬೇಕು ಅಂತ, ಅಷ್ಟೇ.

ನೋಡದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇರಾಕ್ ಇದೆ. 2003ರ ಮಾರ್ಚ್ 17ರಂದು ಅಮೆರಿಕದ ಅಧ್ಯಕ್ಷ ಬುಷ್ ಇರಾಕಿನ ಅಧ್ಯಕ್ಷ ಸದ್ದಾಂಗೆ ದೇಶ ಬಿಡಲು 48 ಗಂಟೆಗಳ ಗಡುವು ಕೊಟ್ಟರು. ಆ ಗಡುವಿನೊಳಗೇ ಉಪಪ್ರಧಾನಿ ತಾರಿಕ್ ಅಜೀಜ್ ದೇಶ ಬಿಟ್ಟು ಓಡಿದರು, ಗುಂಡೇಟು ತಿಂದರು ಎಂಬ ಸುದ್ದಿ ಹಬ್ಬಿತು. ಅಜೀಜ್ ಬಾಗ್ದಾದಿನಲ್ಲೇ ಪತ್ರಕರ್ತರ ಮುಂದೆ ಬಂದು ಕೂತರು. ಈ ಸುಳ್ಳು ಒಂದೇ ದಿನದಲ್ಲಿ ಸತ್ತಿತು. ದೊಡ್ಡ ಸುಳ್ಳು ಸಾಯಲಿಲ್ಲ. ಇರಾಕಿನಲ್ಲಿ ಲಾರಿಗಳ ಮೇಲೆ ಜೈವಿಕ ಅಸ್ತ್ರ ತಯಾರಿಸುತ್ತಾರೆ ಎಂದು ಆ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಹೇಳಿದ್ದರು. ಅದು ಹೆಚ್ಚಾಗಿ ನಿಂತಿದ್ದು ಇರಾಕ್ ಬಿಟ್ಟು ಬಂದ ಒಬ್ಬನ ಮಾತಿನ ಮೇಲೆ. ನಾನು ಸುಳ್ಳು ಹೇಳಿದ್ದೆ ಎಂದು ಅವನು ಒಪ್ಪಿಕೊಂಡದ್ದು 2011ರಲ್ಲಿ.

ಯುದ್ಧಕ್ಕೆ ಮುಂಚಿನ ದಿನಗಳಲ್ಲೇ ಇದು ಜಾಸ್ತಿ ಯಾಕೆ? ಸೇನೆ ಬಾಯಿ ಬಿಡುವುದಿಲ್ಲ, ಬಿಡಲೂಬಾರದು. ಜನಕ್ಕೆ ಮಾತ್ರ ಗಳಿಗೆಗೊಮ್ಮೆ ಗೊತ್ತಾಗಬೇಕು. ಆ ಖಾಲಿ ಜಾಗದಲ್ಲಿ ಯಾರು ಮೊದಲು ಕೂಗಿದರೋ ಅವರದೇ ಸುದ್ದಿ. ಸೇನೆಯ ಚಲನವಲನ ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 26ರಂದೇ ಚಾನೆಲ್‌ಗಳಿಗೆ ಹೇಳಿತ್ತು. ಬೇಕಾದ ಮಾತೇ. ಆದರೆ ನಡೆಯದ ಗೆಲುವನ್ನು ತೋರಿಸಿದವರನ್ನು ಅದು ತಡೆಯಲಿಲ್ಲ.

ನಮ್ಮ ಜಿಲ್ಲೆಗೆ ಇದರ ಬೆಲೆ ಗೊತ್ತು. 2018ರ ಜುಲೈ 13ರಂದು ಔರಾದ್ ಕಡೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂದು ಹೈದರಾಬಾದಿನಿಂದ ಬಂದಿದ್ದವರ ಮೇಲೆ ಜನ ಬಿದ್ದರು. ಒಬ್ಬ ಯುವಕ ಸತ್ತ. ಅವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ವಾಟ್ಸ್ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ‘ಕಳ್ಳರಂತೆ’ ಅನ್ನುವುದು ದಾರಿಯಲ್ಲಿ ‘ಕಳ್ಳರು’ ಆಗಿತ್ತು. ದೇಶದ ಬೇರೆ ಕಡೆಯೂ ಇಂಥ ಸಾವುಗಳಾಗಿದ್ದವು. ಅದಾಗಿ ಒಂದೇ ವಾರದಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಲು ಬಿಡುತ್ತೇವೆ ಎಂದು ವಾಟ್ಸ್ಆ್ಯಪ್ ಹೇಳಿತು. ಟಿವಿಗೆ ಅಂಥ ಮಿತಿಯೂ ಇಲ್ಲ.

ಆ ರಾತ್ರಿ ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ‘ಇನ್ನೂ ಗೊತ್ತಿಲ್ರಿ ಅಕ್ಕಾ. ನಾಳೆ ಸರ್ಕಾರದವರು ಮಾತಾಡ್ತಾರ. ಅಲ್ಲೀತನ ಟಿವಿ ಬಂದ್ ಮಾಡ್ರಿ.’ ಬಂದ್ ಮಾಡಿದರು, ಆದರೆ ಅವರ ಮನೆಯ ದೀಪ ಆರಲಿಲ್ಲ. ಮರುದಿನ ಸಂಜೆ ಸರ್ಕಾರದ ಪರವಾಗಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಮಾತಾಡಿದ್ದನ್ನು ನಮ್ಮ ಮನೆಯಲ್ಲೇ ಕೂತು ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ಕರಾಚಿ ಬಂದರದ ಮಾತು ಬರಲೇ ಇಲ್ಲಲ್ರಿ’ ಅಂದರು.