ಅಟ್ರೋಪಿನ್ ಕೊಟ್ಟರೂ ಕೈಕಾಲಿಗೆ ಬಲ ಬರಲಿಲ್ಲ, ಯಾಕೆ?

ಪ್ರಶ್ನೆ: ಹತ್ತಿ ಹೊಲಕ್ಕೆ ಔಷಧಿ ಹೊಡೆಯುವಾಗ ನಮ್ಮ ಚಿಕ್ಕಪ್ಪನಿಗೆ ವಿಷವೇರಿತು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟ ಮೇಲೆ ಬಾಯಿನೊರೆ ನಿಂತಿತು, ಎದೆಯ ಗೊರಗೊರ ಸದ್ದೂ ಇಳಿಯಿತು. ಆದರೆ ಕೈಕಾಲಿಗೆ ಬಲ ಬರಲಿಲ್ಲ, ವೆಂಟಿಲೇಟರ್ ಹಾಕಬೇಕಾಯಿತು. ವಿಷ ಒಂದೇ ಅಂದಮೇಲೆ ಔಷಧ ಅರ್ಧ ಕೆಲಸ ಮಾಡಿದ್ದೇಕೆ?

ಉತ್ತರ: ಅಟ್ರೋಪಿನ್ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡಿದೆ. ಉಳಿದದ್ದು ಅದರ ಕೈಗೆ ಎಟುಕುವ ಜಾಗದಲ್ಲಿ ಇರಲಿಲ್ಲ.

ನರದ ತುದಿಗೂ ಸ್ನಾಯುವಿಗೂ ನಡುವೆ ಸುಮಾರು 50 ನ್ಯಾನೋಮೀಟರ್ ಸಂದು ಇರುತ್ತದೆ. ನರದ ಸಂದೇಶ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ರೂಪದಲ್ಲಿ ಈ ಸಂದು ದಾಟಿ, ಆಚೆ ಬದಿಯ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಪ್ರೊಟೀನಿಗೆ, ಅಂಟುತ್ತದೆ. ಹೃದಯ, ಜೊಲ್ಲು ಗ್ರಂಥಿ, ಶ್ವಾಸನಾಳಗಳಿಗೂ ನರಗಳು ಕಳಿಸುವುದು ಇದನ್ನೇ. ಹಾಗಿದ್ದರೂ ಇದು ಸ್ನಾಯುವನ್ನು ಬಿಗಿಗೊಳಿಸುತ್ತದೆ, ಹೃದಯವನ್ನು ನಿಧಾನ ಮಾಡುತ್ತದೆ, ಬಾಯಲ್ಲಿ ನೀರೂರಿಸುತ್ತದೆ. ಏನಾಗಬೇಕು ಎಂಬುದು ಅಂಟಿಸಿಕೊಂಡ ರಿಸೆಪ್ಟರ್ ಯಾವುದು ಎನ್ನುವುದರ ಮೇಲೆ ನಿಂತಿದೆ. ಈ ಎರಡು ಬಗೆಯ ಪರಿಣಾಮಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದು ಇಂಗ್ಲೆಂಡಿನ ಹೆನ್ರಿ ಡೇಲ್, 1914ರಲ್ಲಿ. ಸ್ನಾಯುವಿನ ಮೇಲಿನದಕ್ಕೆ ನಿಕೋಟಿನಿಕ್, ಹೃದಯ-ಗ್ರಂಥಿಗಳ ಮೇಲಿನದಕ್ಕೆ ಮಸ್ಕರಿನಿಕ್ ಎಂದು ಹೆಸರು; ಆಯಾ ರಿಸೆಪ್ಟರ್‌ಗಳಿಗೂ ಇವೇ ಹೆಸರು.

ಬೀಗ-ಕೀಲಿ ಹೋಲಿಕೆಯನ್ನು ಶಾಲೆಯಲ್ಲಿ ಕೇಳಿರುತ್ತೀರಿ. ಅದನ್ನು ಸ್ವಲ್ಪ ತಿದ್ದಬೇಕು: ಕೀಲಿ ಒಂದೇ ಆದರೂ ಒಂದು ಬೀಗದಲ್ಲಿ ತಿರುಗಿಸಿದರೆ ಬಾಗಿಲೇ ತೆರೆಯುತ್ತದೆ, ಇನ್ನೊಂದು ಬೀಗದಲ್ಲಿ ತಿರುಗಿಸಿದರೆ ಒಳಮನೆಯಲ್ಲಿ ಗಂಟೆ ಬಾರಿಸುತ್ತದೆ.

ಕೈಕಾಲಿನ ಸ್ನಾಯುವಿನ ಮೇಲಿರುವುದು ನಿಕೋಟಿನಿಕ್. ಐದು ಪ್ರೊಟೀನ್ ತುಂಡುಗಳು ವೃತ್ತವಾಗಿ ನಿಂತು ನಡುವೆ ಒಂದು ರಂಧ್ರ ಮಾಡಿರುತ್ತವೆ. ಎರಡು ಅಸಿಟೈಲ್‌ಕೋಲಿನ್ ಅಣುಗಳು ಬಂದು ಕೂತರೆ ರಂಧ್ರ ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸೆಟೆಯುತ್ತದೆ. ಎಲ್ಲ ಮುಗಿಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಮಸ್ಕರಿನಿಕ್‌ನಲ್ಲಿ ರಂಧ್ರವೇ ಇಲ್ಲ. ಅದು ಜೀವಕೋಶದ ಒಳಗೆ ಸುದ್ದಿ ಮುಟ್ಟಿಸುವ ಜಿ-ಪ್ರೊಟೀನನ್ನು ಎಬ್ಬಿಸುತ್ತದೆ. ಹೃದಯದಲ್ಲಿ ಆ ಪ್ರೊಟೀನ್ ಹೋಗಿ ಪೊಟ್ಯಾಸಿಯಂ ಚಾನೆಲ್ ತೆರೆಯುತ್ತದೆ, ಬಡಿತ ತಗ್ಗುತ್ತದೆ. ಗ್ರಂಥಿಗಳಲ್ಲಿ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿ ಸ್ರಾವ ಶುರುವಾಗುತ್ತದೆ.

ಸಾಮಾನ್ಯವಾಗಿ ಸಂದಿನಲ್ಲಿರುವ ಕಿಣ್ವವೊಂದು ಅಸಿಟೈಲ್‌ಕೋಲಿನನ್ನು ಆಗಿಂದಾಗ್ಗೆ ಒಡೆದು ಹಾಕುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಹಿಡಿಯುವುದು ಈ ಕಿಣ್ವವನ್ನೇ. ಒಡೆಯುವವರಿಲ್ಲದೆ ರಾಸಾಯನಿಕ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಮಸ್ಕರಿನಿಕ್ ಇರುವಲ್ಲಿ ನೊರೆ, ಬೆವರು, ಎದೆಯಲ್ಲಿ ನೀರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ. ನಿಕೋಟಿನಿಕ್ ಇರುವಲ್ಲಿ ಮೊದಲು ಸ್ನಾಯುಗಳು ಅಲ್ಲಲ್ಲಿ ಪುಟಪುಟ ಅದುರುತ್ತವೆ. ಆಮೇಲೆ, ಬಿಡುವಿಲ್ಲದೆ ಕೆಣಕಿಸಿಕೊಂಡ ರಿಸೆಪ್ಟರ್ ರಾಸಾಯನಿಕ ಅಂಟಿಕೊಂಡಿದ್ದರೂ ರಂಧ್ರ ತೆರೆಯುವುದನ್ನು ನಿಲ್ಲಿಸುತ್ತದೆ. ಸ್ನಾಯು ಸೋಲುತ್ತದೆ. ಉಸಿರಾಟವನ್ನು ನಡೆಸುವ ವಪೆಯೂ ಸ್ನಾಯುವೇ ತಾನೆ?

ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳಲ್ಲಿ ಕೂತು ಜಾಗ ಹಿಡಿಯುತ್ತದೆ, ಆದರೆ ಅವನ್ನು ಕೆಲಸಕ್ಕೆ ಹಚ್ಚುವುದಿಲ್ಲ. ಹಾಗಾಗಿ ನೊರೆ ನಿಂತಿತು, ಎದೆ ಒಣಗಿತು. ವೈದ್ಯರು ಡೋಸ್ ಏರಿಸುವಾಗ ಮುಖ್ಯವಾಗಿ ನೋಡುವುದೂ ಎದೆಯ ಸದ್ದು, ನಾಡಿ, ರಕ್ತದೊತ್ತಡಗಳನ್ನೇ. (ಉಮ್ಮತ್ತಿಯಲ್ಲೂ ಅಟ್ರೋಪಿನ್ ಇದೆ. ಅದನ್ನು ತಿಂದವರಲ್ಲಿ ಎಲ್ಲ ತಿರುಗುಮುರುಗು: ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ.) ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರ್‌ನ ಆಕಾರ ಬೇರೆ, ಚಿಕಿತ್ಸೆಯ ಪ್ರಮಾಣದಲ್ಲಿ ಅಟ್ರೋಪಿನ್ ಅದರ ತಂಟೆಗೆ ಹೋಗುವುದಿಲ್ಲ.

ಕಿಣ್ವವನ್ನು ವಿಷದಿಂದ ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧ ಕೊಡುವುದುಂಟು. ವಿಷದ ಹಿಡಿತ ಗಟ್ಟಿಯಾದ ಮೇಲೆ ಅದರಿಂದ ಪ್ರಯೋಜನವಿಲ್ಲ. ಆಗ ದೇಹ ಹೊಸ ಕಿಣ್ವ ತಯಾರಿಸಿಕೊಳ್ಳುವವರೆಗೆ ಉಸಿರಾಟದ ಹೊಣೆ ವೆಂಟಿಲೇಟರಿನದು.

ಇನ್ನೊಂದು ಮಾತು. ರೋಗಿ ಚೇತರಿಸಿಕೊಂಡು ಮಾತಾಡುತ್ತಿದ್ದರೂ, ವಿಷವೇರಿದ ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ ಮತ್ತು ಉಸಿರಾಟದ ಸ್ನಾಯುಗಳು ಕೈಕೊಡಬಹುದು. ಡಾಕ್ಟರು ಮತ್ತೆ ಮತ್ತೆ ಬಂದು ‘ದಿಂಬಿನಿಂದ ತಲೆ ಎತ್ತಿ ನೋಡೋಣ’ ಎನ್ನುವುದು ಇದಕ್ಕೇ. ನೊರೆ ನಿಂತಿತೆಂದು ಎರಡನೇ ದಿನವೇ ಡಿಸ್ಚಾರ್ಜ್ ಮಾಡಿಸಿಕೊಂಡು ಊರಿಗೆ ಹೊರಡುವುದು ಅಪಾಯ.