ಹೆಸರು ಗಂಡನದು, ಕೈಬರಹ ಹೆಂಡತಿಯದು

ಪ್ರಶ್ನೆ: ಹಳೆಯ ಬೇಸ್‌ಬಾಲ್ ಆಟಗಾರರ ಸಹಿ ಅವರ ಮನೆಯಿಂದಲೇ ಬಂದಿದ್ದರೂ, ಪರಿಶೀಲಕರು ಕೆಲವೊಮ್ಮೆ "ಇದು ಹೆಂಡತಿ ಹಾಕಿದ್ದು" ಎಂದು ಒಪ್ಪುವುದಿಲ್ಲ. ಅವರಿಗೆ ಅದು ಹೇಗೆ ಗೊತ್ತಾಗುತ್ತದೆ?

ಸಹಿ ಮನೆಯಿಂದಲೇ ಬಂದಿರುತ್ತದಲ್ಲ, ತೊಡಕು ಇರುವುದೇ ಅಲ್ಲಿ. ಮೋಸಗಾರ ಮಾಡಿದ ಸಹಿ ಎಲ್ಲಾದರೂ ಎಡವುತ್ತದೆ. 1940ರ ಸಹಿ ಎಂದು ಮಾರುತ್ತಾರೆ, ನೋಡಿದರೆ ಬಾಲ್‌ಪೆನ್ನಿನ ಶಾಯಿ. ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ಸಹಿ ಇರುವುದು ಚೆಂಡಿನ ಮೇಲಾದರೆ, ಅದರಲ್ಲಿ ಅಚ್ಚಾಗಿರುವ ಲೀಗ್ ಅಧ್ಯಕ್ಷರ ಹೆಸರೂ ಕಾಲ ಹೇಳುತ್ತದೆ. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಚೆಂಡಿನಲ್ಲಿ ಫೋರ್ಡ್ ಫ್ರಿಕ್ ಹೆಸರಿದ್ದರೆ ಅದು 1934ಕ್ಕಿಂತ ಹಳೆಯದಲ್ಲ, ಅವರು ಅಧ್ಯಕ್ಷರಾದದ್ದೇ ಆ ವರ್ಷ.

ಹೆಂಡತಿ ಹಾಕಿದ ಸಹಿ ಈ ಪರೀಕ್ಷೆಗಳನ್ನೆಲ್ಲ ಸುಲಭವಾಗಿ ದಾಟುತ್ತದೆ. ಅದೇ ಮನೆ, ಅದೇ ಮೇಜು, ಅದೇ ಶಾಯಿ. ಲಕೋಟೆಯ ಮೇಲಿನ ಅಂಚೆ ಮುದ್ರೆಯೂ ನಿಜವಾದದ್ದೇ. ಕೊನೆಗೆ ನೋಡಲು ಉಳಿಯುವುದು ಕೈಬರಹ ಒಂದೇ.

ಇದಕ್ಕೆ ಬೇಸ್‌ಬಾಲ್ ಆಟಗಾರ ಶೂಲೆಸ್ ಜೋ ಜಾಕ್ಸನ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸೌತ್ ಕ್ಯಾರೊಲಿನಾದ ಬಡ ಕುಟುಂಬದಲ್ಲಿ 1887ರಲ್ಲಿ ಹುಟ್ಟಿದವರು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಟ್ಟೆ ಗಿರಣಿಗೆ ದುಡಿಯಲು ಹೋದರು. ಬ್ಯಾಟಿಂಗ್ ಸರಾಸರಿ .356, ಬೇಸ್‌ಬಾಲ್‌ನಲ್ಲಿ ಅದು ತುಂಬ ದೊಡ್ಡದು, ಆದರೆ ಓದು ಬರಹ ಬರುತ್ತಿರಲಿಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ ಅಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಗೀಟು (X) ಎಳೆಯುವ ರೂಢಿ ಇತ್ತು. ತಂಡದ ಒಪ್ಪಂದವನ್ನು ಓದಲಾಗದೆ, ಕ್ಲಬ್‌ನವರ ಬಾಯಿಮಾತು ನಂಬಿ ಸಹಿ ಹಾಕಿದೆ ಎಂದು ಅವರು 1924ರಲ್ಲಿ ಮಿಲ್ವಾಕಿ ಕೋರ್ಟಿನಲ್ಲಿ ಹೇಳಿದ್ದರು. ಓದಿದಾಗಲೆಲ್ಲ ಹೊಟ್ಟೆ ಚುರ್ ಎನ್ನುವ ಮಾತು ಅದು.

ಮನೆಯ ಪತ್ರ ವ್ಯವಹಾರವೆಲ್ಲ ಹೆಂಡತಿ ಕೇಟಿಯವರದು. ಅಭಿಮಾನಿಗಳು ಸಹಿ ಕೇಳಿದರೆ ಜೋ ಹೆಸರನ್ನು ಬರೆದು ಕಳಿಸುತ್ತಿದ್ದವರೂ ಹೆಚ್ಚಾಗಿ ಅವರೇ. ಜೋ ತಾವೇ ಬರೆಯಬೇಕಾದಾಗ, ಕೇಟಿ ಬರೆದುಕೊಟ್ಟ ಮಾದರಿಯನ್ನು ನೋಡಿಕೊಂಡು ಅಕ್ಷರಗಳನ್ನು ಚಿತ್ರದಂತೆ ಬಿಡಿಸುತ್ತಿದ್ದರು.

ಹಾಗಾಗಿ ಜೋ ವಿಷಯದಲ್ಲಿ ಮಾಮೂಲಿ ನಿಯಮ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಗೀಟು ನಡುಗಿದ್ದರೆ, ಪೆನ್ನು ನಡುವೆ ತಡೆದು ನಿಂತಿದ್ದರೆ ನಕಲಿ ಎಂಬ ಅನುಮಾನ ಬರುತ್ತದೆ. ಇಲ್ಲಿ ಸರಾಗವಾಗಿ, ದುಂಡಗೆ ಹರಿದ "ಜೋ ಜಾಕ್ಸನ್" ಕಂಡರೆ ಅದು ಕೇಟಿಯವರ ಕೈ ಇರಬಹುದು. ಅಕ್ಷರ ಅಕ್ಷರಕ್ಕೂ ತಿಣುಕಿದ, ಅಳತೆ ಹೆಚ್ಚುಕಮ್ಮಿಯಾದ ಸಹಿಯೇ ಜೋ ಅವರದಾಗುವ ಸಾಧ್ಯತೆ ಜಾಸ್ತಿ. ಆದರೆ ಮೋಸಗಾರರಿಗೂ ಈ ಗುಟ್ಟು ಗೊತ್ತಿದೆ. ಬೇಕೆಂದೇ ನಡುಗಿಸಿ ಬರೆಯುತ್ತಾರೆ. ಆದ್ದರಿಂದ ಬರೀ ನಡುಕ ನೋಡಿ ದುಡ್ಡು ಕೊಡಬೇಡಿ.

ಹೋಲಿಸಲು ಸರಿಯಾದ ಮಾದರಿ ಬೇಕು. ಎಷ್ಟೋ ಜನ ಹರಾಜಿನಲ್ಲಿ ಕಂಡ ಇನ್ನೊಂದು ಚೆಂಡಿನ ಜೊತೆ ಹೋಲಿಸುತ್ತಾರೆ. ಅದೂ ಹೆಂಡತಿಯದೇ ಆಗಿದ್ದರೆ? ಎರಡೂ ಚೆನ್ನಾಗಿ ಹೊಂದುತ್ತವೆ, ಎರಡೂ ಗಂಡನದಲ್ಲ! ಆಟಗಾರ ಖುದ್ದಾಗಿ, ಬೇರೆಯವರ ಎದುರು ಸಹಿ ಹಾಕಲೇಬೇಕಾದ ಕಾಗದವೇ ಗಟ್ಟಿ ಮಾದರಿ. ಉಯಿಲು, ಅಡಮಾನ ಪತ್ರ ಇಂಥವು. ಜೊತೆಗೆ ಹೆಂಡತಿ ತಮ್ಮ ಹೆಸರಿನಲ್ಲೇ ಬರೆದ ಪತ್ರಗಳೂ ಬೇಕು. ಎರಡು ಕೈಗಳನ್ನೂ ಕಲಿಯದೆ ಒಂದನ್ನು ಗುರುತಿಸಲು ಆಗುವುದಿಲ್ಲ. ನಿಮ್ಮ ಹತ್ತಿರ ಸಹಿ ಬಂದ ಹಳೆಯ ಲಕೋಟೆ ಇದ್ದರೆ ಎಸೆಯಬೇಡಿ. ವಿಳಾಸ ಬರೆದ ಕೈಯೇ ಸಹಿಯನ್ನೂ ಹಾಕಿದೆಯಾ ಎಂದು ಅಕ್ಷರ ಅಕ್ಷರ ಕೂಡಿಸಿ ನೋಡಿ.

ಜೋ ಅವರ ಉಯಿಲಿನ ಕಥೆಯೇ ದೊಡ್ಡದು. ಅವರು 1951ರಲ್ಲಿ ತೀರಿಕೊಂಡರು, ಕೇಟಿ 1959ರಲ್ಲಿ. ಕೇಟಿ ತಮ್ಮ ಆಸ್ತಿಯ ಭಾಗವನ್ನು ಹೃದ್ರೋಗ ಮತ್ತು ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವ ಎರಡು ಸಂಸ್ಥೆಗಳಿಗೆ ಬಿಟ್ಟಿದ್ದರು. ಮುಂದೆ ಜೋ ಸಹಿಗೆ ಬೆಲೆ ಏರಿದಾಗ, ಸಹಿ ಇರುವ ಮೂಲ ಉಯಿಲು ತಮಗೆ ಸೇರಬೇಕು ಎಂದು ಆ ಸಂಸ್ಥೆಗಳು ಉಯಿಲು ಇಟ್ಟುಕೊಂಡಿದ್ದ ಗ್ರೀನ್‌ವಿಲ್ ಕೌಂಟಿಯ (ಜಿಲ್ಲಾಡಳಿತದ) ಮೇಲೆ ಕೇಸು ಹಾಕಿದವು. ಉಯಿಲು ಸಾರ್ವಜನಿಕ ದಾಖಲೆ, ಕೊಡಲಾಗದು ಎಂದು 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಸಂಸ್ಥೆಗಳ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಕಾಗದ ಯಾರದೋ ತಿಜೋರಿ ಸೇರದೆ ಉಳಿದದ್ದು ನನಗೆ ನಿಜಕ್ಕೂ ಸಂತೋಷ.

ಬೆಲೆ ಎಷ್ಟು ಅಂತೀರಾ? 1911ರಲ್ಲಿ ಲೂಸಿಯಾನಾದ ಅಲೆಕ್ಸಾಂಡ್ರಿಯಾದಲ್ಲಿ ಪತ್ರಿಕಾ ಛಾಯಾಗ್ರಾಹಕ ಫ್ರಾಂಕ್ ಸ್ಮಿತ್ ತೆಗೆದ, ಜೋ ಸ್ವತಃ ಸಹಿ ಹಾಕಿದ ಫೋಟೋ 2015ರಲ್ಲಿ 1,79,250 ಡಾಲರ್‌ಗೆ ಹೋಯಿತು. 2021ರಲ್ಲಿ ಅದೇ ಫೋಟೋಗೆ ಸುಮಾರು 14.7 ಲಕ್ಷ ಡಾಲರ್ ಬಂತು.

ಇನ್ನು ನಿಮ್ಮ ಕೈಯಲ್ಲಿರುವುದು ಹೆಂಡತಿಯ ಬರಹ ಎಂದಾದರೆ? ಪರಿಶೀಲಕರ ಭಾಷೆಯಲ್ಲಿ ಅದು "ಸೆಕ್ರೆಟೇರಿಯಲ್", ಅಂದರೆ ಬೇರೆಯವರು ಹಾಕಿಕೊಟ್ಟ ಸಹಿ. ಗಂಡನ ಸಹಿ ಎಂದು ಮಾರುವಂತಿಲ್ಲ. ಆದರೆ ಅದನ್ನು ಖೋಟಾ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯಾರೋ ಹುಡುಗ ಆಸೆಯಿಂದ ಬರೆದ ಪತ್ರ ಉತ್ತರವಿಲ್ಲದೆ ಉಳಿಯಬಾರದು ಎಂದು ಆಕೆ ಕೂತು ಬರೆದದ್ದು ಅದು. "ಕೇಟಿ ಜಾಕ್ಸನ್ ಕೈಬರಹ" ಎಂದು ಒಂದು ಚೀಟಿಯಲ್ಲಿ ಬರೆದು, ಲಕೋಟೆಯ ಜೊತೆಗೇ ಜೋಪಾನವಾಗಿ ಇಡಿ.